ಮೂರು ಪಾಲಿನ ವಿಧಿ: ಆಸ್ತಿವಿಭಾಗ ಮತ್ತು ವೃದ್ಧರ ಪೋಷಣೆಯ ಜೈನ ಪರಂಪರೆ

ಹಾನಗಲ್ಲಿಗೆ ಅನತಿದೂರದಲ್ಲಿ, ಶಿಗ್ಗಾವಿ ತಾಲೂಕಿನಲ್ಲಿರುವ ಬಂಕಾಪುರವು ಇಂದು ತನ್ನ ಹಳೆಯ ಕೋಟೆ ಹಾಗೂ ಅಲ್ಲಿನ ನವಿಲುಗಳಿಗಾಗಿ ಹೆಸರಾದ ಒಂದು ಸಣ್ಣ ಪಟ್ಟಣ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ಸಾಮಂತನಾದ ಬಂಕೆಯರಸನ ಹೆಸರನ್ನು ಹೊತ್ತು ನಿಂತ ರಾಜಧಾನಿಯಾಗಿತ್ತು. ಬಂಕೆಯನ ಮಗ ಲೋಕಾದಿತ್ಯನು ವನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ, ಆಚಾರ್ಯ ಗುಣಭದ್ರರ ಉತ್ತರಪುರಾಣವು ಇದೇ ಬಂಕಾಪುರದಲ್ಲಿ ಭವ್ಯಜನರಿಂದ ಪೂಜೆಗೊಂಡಿತೆಂದು ಆ ಗ್ರಂಥದ ಪ್ರಶಸ್ತಿಯು ತಿಳಿಸುತ್ತದೆ. ಗುಣಭದ್ರರ ಗುರುಗಳಾದ ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವು ಹೀಗೆ ಈ ಸೀಮೆಯ ಮಣ್ಣಿನೊಡನೆ ಸಂಬಂಧವನ್ನು ಪಡೆಯಿತು. ಪುರಾಣವೆಂದರೆ ತೀರ್ಥಂಕರರ ಕಥೆಯಷ್ಟೇ ಎಂದು ಭಾವಿಸುವ ಶ್ರಾವಕರು ಅದರ ಪೂರ್ವಭಾಗವಾದ ಆದಿಪುರಾಣದ 38ನೆಯ ಪರ್ವವನ್ನು ಒಮ್ಮೆ ತೆರೆದು ನೋಡಬೇಕು. ಮನೆಯ ಆಸ್ತಿಯನ್ನು ಯಾರಿಗೆ, ಯಾವಾಗ, ಯಾರ ಎದುರಿನಲ್ಲಿ, ಹೇಗೆ ಕೊಡಬೇಕೆಂಬುದನ್ನು ಅಲ್ಲಿ ವಿಧಿಯಾಗಿ ಹೇಳಲಾಗಿದೆ.

ಗರ್ಭಾನ್ವಯ ಕ್ರಿಯೆಗಳೆಂದು ಜಿನಸೇನರು ಹೆಸರಿಸಿದ ಐವತ್ತಮೂರು ಸಂಸ್ಕಾರಗಳಲ್ಲಿ ನಾಮಕರಣ, ಅಕ್ಷರಾಭ್ಯಾಸ, ವಿವಾಹಗಳು ಎಲ್ಲರಿಗೂ ತಿಳಿದವು. ವಿವಾಹದ ಮುಂದೆ ಬರುವ ಕೆಲವು ಕ್ರಿಯೆಗಳನ್ನು ಮಾತ್ರ ಸಮಾಜವು ಮರೆತಿದೆ. ಹದಿನೆಂಟನೆಯದಾದ ವರ್ಣಲಾಭದಲ್ಲಿ, ಮದುವೆಯಾದ ಮಗನಿಗೆ ತಂದೆಯು ಶ್ರಾವಕರ ಸಮಕ್ಷಮದಲ್ಲಿ ಧನವನ್ನೂ ಪ್ರತ್ಯೇಕ ಮನೆಯನ್ನೂ ಕೊಟ್ಟು, ಧರ್ಮದಿಂದ ಬಾಳೆಂದು ಹೇಳುತ್ತಾನೆ. ಇಪ್ಪತ್ತೊಂದನೆಯದು ಪ್ರಶಾಂತಿ: ಭಾರವನ್ನು ಹೊರಬಲ್ಲ ಮಗನ ಮೇಲೆ ಗೃಹಭಾರವನ್ನಿಟ್ಟು, ಹಿರಿಯನು ಮನೆಯಲ್ಲಿದ್ದುಕೊಂಡೇ ಸ್ವಾಧ್ಯಾಯ ಹಾಗೂ ಉಪವಾಸಗಳಲ್ಲಿ ತೊಡಗುವುದು. ಇಪ್ಪತ್ತೆರಡನೆಯದು ಗೃಹತ್ಯಾಗ. ಮನೆಯನ್ನು ಬಿಡಲು ನಿಶ್ಚಯಿಸಿದವನು ಸಿದ್ಧರನ್ನು ಅರ್ಚಿಸಿ, ಮಾನ್ಯರಾದವರೆಲ್ಲರನ್ನೂ ಕರೆಸಿ, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಎಲ್ಲವನ್ನೂ ಒಪ್ಪಿಸುತ್ತಾನೆ. ಆಗ ಅವನು ಕೊಡುವ ಆದೇಶವು ಸ್ಪಷ್ಟವಾಗಿದೆ: ದ್ರವ್ಯವನ್ನು ಮೂರು ಪಾಲು ಮಾಡಬೇಕು, ಒಂದು ಪಾಲು ಧರ್ಮಕಾರ್ಯಕ್ಕೆ, ಇನ್ನೊಂದು ಮನೆಯ ವೆಚ್ಚಕ್ಕೆ, ಮೂರನೆಯದು ಒಡಹುಟ್ಟಿದವರಿಗೆ ಹಂಚುವುದಕ್ಕೆ. ಅಲ್ಲಿಗೇ ನಿಲ್ಲದೆ ಆಚಾರ್ಯರು ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾನ ಭಾಗಕ್ಕೆ ಅರ್ಹರು.

ಈ ಮಾತು ಒಂಬತ್ತನೆಯ ಶತಮಾನದ್ದು ಎಂಬುದನ್ನು ನೆನೆದಾಗ ಅದರ ತೂಕವು ತಿಳಿಯುತ್ತದೆ. ಜಿನಸೇನರ ನಂತರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಇದೇ ಕನ್ನಡ ನೆಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಅವಿವಾಹಿತ ಸೋದರಿಗೆ ಸೋದರನ ಪಾಲಿನ ನಾಲ್ಕನೆಯ ಒಂದಂಶವನ್ನು ಹೇಳಿತು. ಇಂಡಿಯಾದ ಬಹುಭಾಗದಲ್ಲಿ ನ್ಯಾಯಾಲಯಗಳು ಹಿಡಿದುಕೊಂಡದ್ದು ಮಿತಾಕ್ಷರವನ್ನು. ಆದಿಪುರಾಣವು ಬಸದಿಯ ಕಪಾಟಿನಲ್ಲಿ ಉಳಿಯಿತು.

ಆದರ್ಶವನ್ನು ಆಚರಣೆಯೆಂದು ಹೇಳಿಕೊಳ್ಳುವುದು ಮಾತ್ರ ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ. ಜಿನಸೇನರು ಹೇಳಿದರೆಂದ ಮಾತ್ರಕ್ಕೆ ರಾಷ್ಟ್ರಕೂಟರ ಕಾಲದ ಜೈನ ಮನೆಗಳಲ್ಲಿ ಮಗಳಿಗೆ ಸಮಪಾಲು ಸಿಗುತ್ತಿತ್ತು ಎನ್ನಲು ಬರುವುದಿಲ್ಲ. ಶಾಸನಗಳು ತೋರಿಸುವ ಚಿತ್ರವು ಬೇರೆ. ಗಂಡುಸಂತಾನವಿಲ್ಲದೆ ಸತ್ತವನ ಸ್ವತ್ತು ಅರಸನಿಗೆ ಸೇರುವ ಪದ್ಧತಿಯೊಂದಿತ್ತು. ಇದನ್ನು ಅಪುತ್ರಿಕ ದ್ರವ್ಯವೆಂದು ಕರೆಯುತ್ತಿದ್ದರು. ಇದಕ್ಕೆ ಎದುರಾಗಿ, ಇಂದಿನ ವಿಜಯಪುರ ಜಿಲ್ಲೆಯ ಮನಗೂಳಿಯ ಹನ್ನೆರಡನೆಯ ಶತಮಾನದ ಶಾಸನವೊಂದು, ಊರಿನಲ್ಲಿ ಗಂಡುಮಕ್ಕಳಿಲ್ಲದೆ ಸತ್ತವನ ಮನೆ, ಹೊಲ, ದನಕರು, ಹಣ, ಧಾನ್ಯಗಳು ಹೆಂಡತಿಗೂ ಹೆಣ್ಣುಮಕ್ಕಳಿಗೂ ಬೇರೆಯಾದ ತಂದೆತಾಯಿಗಳಿಗೂ ಸೋದರರು ಹಾಗೂ ಗೋತ್ರದವರಿಗೂ ಸಲ್ಲಬೇಕೆಂದೂ, ಯಾರೂ ಇಲ್ಲದಿದ್ದಲ್ಲಿ ಮಾತ್ರ ಧರ್ಮಕ್ಕೆ ಹೋಗಬೇಕೆಂದೂ ಕಟ್ಟು ಮಾಡಿತು. ಕಲ್ಲಿನ ಮೇಲೆ ಹೀಗೆ ಕೊರೆಯಿಸಬೇಕಾಗಿ ಬಂದಿತೆಂಬುದೇ ಅದಿಲ್ಲದ ಕಡೆ ವಿಧವೆಯರ ಪಾಡು ಏನಾಗಿದ್ದೀತೆಂಬುದನ್ನು ಹೇಳುತ್ತದೆ. ಗುಜರಾತಿನಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವಕ್ಕೊಳಗಾದ ಚಾಲುಕ್ಯ ದೊರೆ ಕುಮಾರಪಾಲನು ಈ ಅದಾಯವನ್ನೇ ತೊರೆದನು. ಅಳುವ ಹೆಂಗಸಿನ ಮನೆಯಿಂದ ಹಣ ತರುವುದು ಹಿಂಸೆಯೆಂಬುದೇ ಅಲ್ಲಿನ ವಾದವಾಗಿತ್ತು. ಅರಸನ ಬೊಕ್ಕಸಕ್ಕೆ ಬಿದ್ದ ನಷ್ಟವನ್ನು ಪರಿಗಣಿಸಿದರೆ, ಅಹಿಂಸೆಗಾಗಿ ಒಬ್ಬ ಅರಸನು ತೆತ್ತ ದೊಡ್ಡ ಬೆಲೆಗಳಲ್ಲಿ ಇದೂ ಒಂದು.

ಸ್ವತ್ತನ್ನು ಕೈಯಲ್ಲಿಟ್ಟುಕೊಂಡ ಸ್ತ್ರೀಯರು ನಮ್ಮ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. ಪತಿ ನಾಗದೇವನನ್ನು ಕಳೆದುಕೊಂಡ ಮೇಲೆ ಮಗನನ್ನು ಬೆಳೆಸುತ್ತ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯು ಲಕ್ಕುಂಡಿಯಲ್ಲಿದೆ. ಅದರ ಶಾಸನವು 1007ರದು. ಪಾನುಂಗಲ್ಲಿನ ಕದಂಬ ಅರಸು ಕೀರ್ತಿದೇವನ ರಾಣಿ ಮಾಳಲದೇವಿಯು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಕುಪ್ಪಟೂರಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟಳು. ಇವರಿಬ್ಬರೂ ಅಧಿಕಾರದ ಮನೆತನಗಳವರು. ಅಂಗಡಿಕಾರನ ಹೆಂಡತಿಯ ಹೆಸರು ಯಾವ ಕಲ್ಲಿನಲ್ಲೂ ಹಾಗೆ ದೊರೆಯುವುದು ವಿರಳ.

ಮತ್ತೆ ಬಂಕಾಪುರಕ್ಕೆ ಬರೋಣ. ಗಂಗ ದೊರೆ ಇಮ್ಮಡಿ ಮಾರಸಿಂಹನು ರಾಜ್ಯವನ್ನು ಬಿಟ್ಟು, 974ರಲ್ಲಿ, ಇಲ್ಲಿಯೇ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನೋಂತು ಮುಡಿಪಿದನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನವು ಹೇಳುತ್ತದೆ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ವೈರಾಗ್ಯದ ದೃಷ್ಟಾಂತವಾಗಿ ಹೇಳುವುದುಂಟು. ಅದರಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡುವುದು ಅಗತ್ಯ. ಮೊದಲನೆಯದಾಗಿ, ಅರಸನು ಮೊದಲು ರಾಜ್ಯವನ್ನು ಬಿಟ್ಟನು, ಆ ಮೇಲೆ ದೇಹವನ್ನು ಬಿಟ್ಟನು. ಎರಡನೆಯದಾಗಿ, ಅವನು ಒಬ್ಬನೇ ಇರಲಿಲ್ಲ, ಗುರುಗಳ ಸನ್ನಿಧಿಯಿತ್ತು.

ಈ ಎರಡನೆಯ ಸಂಗತಿಯ ಬಗ್ಗೆ ಶಿವಾರ್ಯರ ಭಗವತೀ ಆರಾಧನೆಯು ಹೇಳುವಷ್ಟು ವಿವರವಾಗಿ ಬೇರಾವ ಗ್ರಂಥವೂ ಹೇಳಲಿಕ್ಕಿಲ್ಲ. ನಮ್ಮ ವಡ್ಡಾರಾಧನೆಯ ಕಥೆಗಳ ಮೂಲವಾದ ಗ್ರಂಥವಿದು. ಅಂತ್ಯಕಾಲದಲ್ಲಿರುವ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರು ಇರಬೇಕೆಂದು ಅದು ವಿಧಿಸುತ್ತದೆ. ನಾಲ್ವರು ಅವನನ್ನು ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸಬೇಕು. ನಾಲ್ವರು ಧರ್ಮಕಥೆ ಹೇಳಬೇಕು. ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು. ಮಲಮೂತ್ರಗಳನ್ನು ತೆಗೆದು ಸ್ಥಳವನ್ನು ಶುದ್ಧಗೊಳಿಸಲು ನಾಲ್ವರು. ಬಾಗಿಲು ಕಾಯಲು ನಾಲ್ವರು. ರಾತ್ರಿ ನಿದ್ರೆಗೆಟ್ಟು ಎಚ್ಚರದಿಂದಿರಲು ನಾಲ್ವರು. ಅಷ್ಟು ಜನ ದೊರೆಯದ ಕಾಲದಲ್ಲಿ ಸಂಖ್ಯೆಯನ್ನು ಇಳಿಸಿಕೊಳ್ಳಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಏಕೆಂದರೆ ಒಬ್ಬನೇ ಇದ್ದರೆ ಅವನು ಆಹಾರಕ್ಕೆ ಹೋದಾಗ ರೋಗಿಯು ಒಂಟಿಯಾಗುತ್ತಾನೆ. ಇದು ಮುನಿಗಳ ವಿಷಯವೆಂಬುದು ನಿಜ. ಆದರೆ ಹಾಸಿಗೆ ಹಿಡಿದ ತಾಯಿಯನ್ನು ಒಬ್ಬಳೇ ಸೊಸೆಗೆ ಬಿಟ್ಟು, ಉಳಿದ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿದ್ದು ವಾರಕ್ಕೊಮ್ಮೆ ಫೋನ್ ಮಾಡುವ ಮನೆಗಳಲ್ಲಿ, ಆ ಇಬ್ಬರ ಲೆಕ್ಕವನ್ನು ಯಾರಾದರೂ ಓದಿ ಹೇಳುವುದು ಒಳ್ಳೆಯದು. ಅಭ್ಯಂತರ ತಪಗಳಲ್ಲಿ ಒಂದಾದ ವೈಯಾವೃತ್ಯಕ್ಕೆ ತತ್ತ್ವಾರ್ಥಸೂತ್ರವು ಹತ್ತು ಪಾತ್ರರನ್ನು ಹೇಳುವಾಗ ಗ್ಲಾನನನ್ನು, ಎಂದರೆ ರೋಗದಿಂದ ಬಳಲಿದವನನ್ನು, ಬೇರೆಯಾಗಿಯೇ ಹೆಸರಿಸಿದೆ.

ಮೊದಲನೆಯ ಸಂಗತಿಯು, ಎಂದರೆ ಬದುಕಿದ್ದಾಗಲೇ ಎಲ್ಲವನ್ನೂ ಕೊಟ್ಟುಬಿಡುವುದು, ಇಂದಿನ ಮನೆಗಳಿಗೆ ಹೆಚ್ಚು ತೊಡಕಿನದು. ಹದಿಮೂರನೆಯ ಶತಮಾನದ ಮಾಳವದಲ್ಲಿದ್ದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಒಂಬತ್ತನೆಯ ಪ್ರತಿಮೆಯಾದ ಪರಿಗ್ರಹತ್ಯಾಗವನ್ನು ವಿವರಿಸುತ್ತ, ಯೋಗ್ಯನಾದ ಮಗನನ್ನೋ, ಅಂಥ ಗೋತ್ರಜನನ್ನೋ ಕರೆದು, ಹಿರಿಯ ಸಾಧರ್ಮಿಗಳ ಎದುರಿನಲ್ಲಿ ಎಲ್ಲವನ್ನೂ ಒಪ್ಪಿಸಬೇಕೆಂದಿದ್ದಾರೆ. ಇದಕ್ಕೆ ಸಕಲದತ್ತಿಯೆಂದು ಹೆಸರು. 'ಯೋಗ್ಯ' ಎಂಬ ವಿಶೇಷಣವು ಅಲ್ಲಿ ಸುಮ್ಮನೆ ಬಂದದ್ದಲ್ಲ. ಹೀಗೆ ಕೊಟ್ಟವನು ವ್ರತಿಯಾಗಿದ್ದನು. ಅವನ ಆವಶ್ಯಕತೆಗಳು ಎರಡು ವಸ್ತ್ರಗಳಿಗೂ ಒಂದು ಹೊತ್ತಿನ ಊಟಕ್ಕೂ ಇಳಿದಿದ್ದವು. ಸಂಘವು ಅವನ ಬೆನ್ನಿಗಿತ್ತು. ಇಂದು ಎಪ್ಪತ್ತರ ಗೃಹಸ್ಥನು ಯಾವ ಪ್ರತಿಮೆಯನ್ನೂ ಧರಿಸದೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಇಟ್ಟುಕೊಂಡು, ಇನ್ನೂ ಹದಿನೈದು ಇಪ್ಪತ್ತು ವರ್ಷ ಬಾಳಬೇಕಾದವನು, ನೋಂದಣಿ ಕಚೇರಿಗೆ ಹೋಗಿ ಮನೆ, ಗೋದಾಮು, ಅಡತಿ ಅಂಗಡಿಗಳನ್ನು ಮಗನ ಹೆಸರಿಗೆ ಬಕ್ಷೀಸು ಪತ್ರ ಮಾಡಿ ಬರುತ್ತಾನೆ. ಅದು ಸಕಲದತ್ತಿಯ ಹೊರರೂಪ ಮಾತ್ರ. ಜಿನಸೇನರು ಪ್ರಶಾಂತಿಯನ್ನೂ ಗೃಹತ್ಯಾಗವನ್ನೂ ಎರಡು ಬೇರೆ ಕ್ರಿಯೆಗಳಾಗಿ ಇಟ್ಟದ್ದನ್ನು ಇಲ್ಲಿ ಗಮನಿಸಬೇಕು. ಪ್ರಶಾಂತಿಯಲ್ಲಿ ಒಪ್ಪಿಸುವುದು ಭಾರವನ್ನು. ಸ್ವತ್ತಿನ ವಿಭಾಗವು ಬರುವುದು ಗೃಹತ್ಯಾಗದಲ್ಲಿ. ಮನೆಯಲ್ಲಿಯೇ ಇರುವ ಹಿರಿಯನಿಗೆ ಸಲ್ಲುವುದು ಮೊದಲನೆಯದು. ಅಂಗಡಿಯ ಗಲ್ಲೆಯನ್ನೂ ಕೀರ್ದಿ ಖಾತೆಗಳನ್ನೂ ಮಗನಿಗೆ ಒಪ್ಪಿಸಬಹುದು, ಉತಾರದಲ್ಲಿಯ ಹೆಸರನ್ನು ಒಪ್ಪಿಸುವ ಆತುರ ಬೇಕಿಲ್ಲ.

ಬ್ರಿಟಿಷರ ಕಾಲಕ್ಕೆ ಹಾನಗಲ್ ಸೀಮೆಯು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜೈನರಿಗೆ ಯಾವ ಕಾನೂನು ಅನ್ವಯಿಸಬೇಕೆಂಬ ಪ್ರಶ್ನೆಯು ಮುಂಬಯಿ ಹೈಕೋರ್ಟಿನ ಮುಂದೆ ಬಂದಾಗ, 1873ರ ಭಗವಾನದಾಸ ತೇಜಮಲ ಮೊಕದ್ದಮೆಯಲ್ಲಿ, ಬೇರೆ ರೂಢಿಯನ್ನು ಸಾಬೀತುಪಡಿಸದ ಹೊರತು ಹಿಂದೂ ಕಾನೂನೇ ಅನ್ವಯಿಸುತ್ತದೆಂದು ತೀರ್ಮಾನವಾಯಿತು. 1878ರಲ್ಲಿ ಪ್ರಿವಿ ಕೌನ್ಸಿಲು ದಾಖೋ ಎಂಬ ಜೈನ ವಿಧವೆಯ ಪ್ರಕರಣದಲ್ಲಿ, ಮಕ್ಕಳಿಲ್ಲದ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿದೆಯೆಂಬ ರೂಢಿಯನ್ನು ಒಪ್ಪಿತು. ಆದರೆ ರೂಢಿಯನ್ನು ಪ್ರತಿಯೊಂದು ಮೊಕದ್ದಮೆಯಲ್ಲಿ ಸಾಕ್ಷಿ ಹಾಕಿಸಿ ಸಿದ್ಧಪಡಿಸುವ ಶಕ್ತಿ ಎಷ್ಟು ವಿಧವೆಯರಿಗಿದ್ದೀತು? ಗ್ರಂಥಗಳನ್ನು ಅಪವಿತ್ರವಾದಾವೆಂದು ಹೆದರಿ ಕೋರ್ಟಿನ ಮುಂದಿಡಲು ಹಿಂಜರಿದ ಹಿರಿಯರ ಹೊಣೆಯೂ ಇದರಲ್ಲಿದೆ. ಜೆ. ಎಲ್. ಜೈನಿಯವರು 1916ರಲ್ಲಿಯೂ, ಬ್ಯಾರಿಸ್ಟರ್ ಚಂಪತ್‌ರಾಯ್ ಜೈನರು 1926ರಲ್ಲಿಯೂ ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳಿಂದ ಜೈನ ಕಾನೂನನ್ನು ಸಂಗ್ರಹಿಸಿ ಪ್ರಕಟಿಸುವಷ್ಟರಲ್ಲಿ ತೀರ್ಪುಗಳ ದಾರಿಯು ಗಟ್ಟಿಯಾಗಿಬಿಟ್ಟಿತ್ತು. ಆ ಸಂಗ್ರಹಗಳ ಪ್ರಕಾರ ಗಂಡನ ಆಸ್ತಿಗೆ ಮಗನಿಗಿಂತ ಮೊದಲು ಬರುವವಳು ಹೆಂಡತಿ. ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಮೂಲಕ ಸ್ವತ್ತು ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿದ್ದುದು ಬೇರೆಯದೇ ಪರಂಪರೆ. ಅದನ್ನು ಈ ಸೀಮೆಯೊಡನೆ ಬೆರೆಸುವುದು ಬೇಡ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರನ್ನು ಹೆಸರಿಸಿಯೇ ತನ್ನೊಳಗೆ ಸೇರಿಸಿಕೊಂಡಿತು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೂ ಇದು ಬದಲಾಗಲಿಲ್ಲ. ಹಾಗೆ ಬದಲಾಗಿದೆಯೆಂದು ನಂಬಿ ಮಾತನಾಡುವವರು ಕೆಲವರಿದ್ದಾರೆ, ಅವರು ತಪ್ಪಿದ್ದಾರೆ. ಮೃತ್ಯುಪತ್ರವಿಲ್ಲದೆ ತೀರಿಕೊಂಡ ಗೃಹಸ್ಥನ ಸ್ವಂತ ಆಸ್ತಿಯು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ತಾಯಿಯು ಮೊದಲ ವರ್ಗದ ವಾರಸುದಾರಳು, ತಂದೆಯು ಅಲ್ಲ. ಮಗನು ಅಕಾಲದಲ್ಲಿ ತೀರಿಕೊಂಡರೆ ವೃದ್ಧ ತಂದೆಯ ಕೈಗೆ ಏನೂ ಬರದಿರಬಹುದು. ಎಲ್ಲವನ್ನೂ ಮಗನ ಹೆಸರಿಗೆ ಮಾಡಿ ಕುಳಿತ ಹಿರಿಯರು ಈ ಒಂದು ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟ ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ ಜಾರಿಗೆ ಬಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, 1995ರಲ್ಲಿ ಮದುವೆಯಾದ ತಂಗಿಗೆ ಉಂಟು ಎಂಬ ವಿಚಿತ್ರ ಸ್ಥಿತಿಯು ಹೀಗೆ ಉಂಟಾಯಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕಾಗಿತ್ತೇ ಎಂಬ ವಾದಕ್ಕೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಬೇಕಿಲ್ಲವೆಂದು ಹೇಳಿ ತೆರೆಯೆಳೆಯಿತು. ಜಿನಸೇನರಿಂದ ಇಲ್ಲಿಗೆ ಹನ್ನೊಂದು ಶತಮಾನಗಳಿಗೂ ಹೆಚ್ಚಿನ ದಾರಿ.

ಕಾನೂನು ಕೊಟ್ಟದ್ದನ್ನು ಮನೆಗಳು ಬೇರೆ ಬಾಗಿಲಿನಿಂದ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮುಚ್ಚಿಡಬೇಕಾಗಿಲ್ಲ. ತಂದೆಯ ಉತ್ತರಕ್ರಿಯೆಗಳು ಮುಗಿದ ಮರುವಾರ ಅಕ್ಕತಂಗಿಯರನ್ನು ಕರೆಸಿ, ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಎಲ್ಲ ಸಮಾಜಗಳಲ್ಲಿರುವಂತೆ ಜೈನ ಸಮಾಜದಲ್ಲಿಯೂ ಇದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಮಾಡಿದ ರುಜುವು ದಾನವೆನಿಸಲಾರದು. ಅಚೌರ್ಯಾಣುವ್ರತದ ಅತಿಚಾರಗಳನ್ನು ಓದಿದವರಿಗೆ ಅದರ ಸ್ಥಾನವು ಎಲ್ಲಿಯೆಂದು ತಿಳಿದೀತು. ಮನಃಪೂರ್ವಕವಾಗಿ ಬಿಟ್ಟುಕೊಡುವ ಸೋದರಿಯರಿಲ್ಲವೆಂದಲ್ಲ. ಅಂಥವರಿಗೆ ಆಸ್ತಿಯ ಪಟ್ಟಿಯನ್ನು ತೋರಿಸಿ, ಬೆಲೆಯನ್ನು ತಿಳಿಸಿ, ಆರು ತಿಂಗಳು ಯೋಚಿಸಲು ಬಿಟ್ಟು ಕೇಳಿದರೂ ಅವರು ಬಿಟ್ಟುಕೊಟ್ಟಾರು.

ಇದರ ಇನ್ನೊಂದು ಮುಖವೂ ಇದೆ. ವೃದ್ಧ ತಂದೆತಾಯಿಗಳ ಪೋಷಣೆಯ ಹೊಣೆಯನ್ನು 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯು ಮಗ, ಮಗಳು ಇಬ್ಬರ ಮೇಲೂ ಇಟ್ಟಿದೆ. ವಿವಾಹಿತ ಮಗಳೂ ಇದಕ್ಕೆ ಹೊರತಲ್ಲವೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಾಲು ಸಮನಾದರೆ ಸರದಿಯೂ ಸಮನಾಗಬೇಕು.

2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯು ಅರವತ್ತು ತುಂಬಿದವರಿಗೆ ಉಪವಿಭಾಗ ಮಟ್ಟದ ನ್ಯಾಯಮಂಡಳಿಯ ಬಾಗಿಲು ತೆರೆಯಿತು. ವಕೀಲರನ್ನಿಡದೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಪೋಷಣಾ ವೆಚ್ಚವನ್ನು ಗೊತ್ತುಪಡಿಸಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಪೋಷಣೆಯನ್ನು ಕೇಳಬಹುದು. ಇದರ 23ನೆಯ ಕಲಮನ್ನು ಪ್ರತಿಯೊಬ್ಬ ಹಿರಿಯನೂ ಬಕ್ಷೀಸು ಪತ್ರಕ್ಕೆ ಮುಂಚೆ ಓದಿಸಿ ಕೇಳಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು ಅದರಲ್ಲಿ ಅವಕಾಶವಿದೆ. ಆದರೆ ಅಂಥ ಷರತ್ತು ಇದ್ದಿತೆಂಬುದು ಸಿದ್ಧವಾಗಬೇಕೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2025ರ ಜನವರಿ 2ರಂದು, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗನು ಪ್ರತ್ಯೇಕವಾಗಿ ಬರೆದುಕೊಟ್ಟ ವಚನಪತ್ರವನ್ನೂ ಗಣನೆಗೆ ತೆಗೆದುಕೊಂಡು, ಕಾಯಿದೆಯ ಉದ್ದೇಶಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಮಗನ ಮೇಲೆ ನಂಬಿಕೆಯಿರುವಾಗ ಷರತ್ತು ಬರೆಯುವುದು ಅಪಮಾನವೆಂದು ಸಂಕೋಚಪಡುವ ತಂದೆಯರು ಬಹಳ. ಅವರೇ ಅಂಗಡಿಯಲ್ಲಿ ಸ್ವಂತ ತಮ್ಮನಿಗೆ ಕೊಟ್ಟ ನೂರು ರೂಪಾಯಿಯನ್ನೂ ಖಾತೆಗೆ ಹಚ್ಚಿದವರು.

ಮೃತ್ಯುಪತ್ರಕ್ಕೆ ಛಾಪಾ ಕಾಗದವೂ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಆದರೆ ನೋಂದಾಯಿಸುವುದು ಲೇಸು. ಬರೆದವನ ರುಜು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ರುಜು ಬೇಕು. ಬದುಕಿರುವವರೆಗೆ ಬದಲಿಸಬಹುದು, ಹರಿದೂ ಹಾಕಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದು. ಹೆಂಡತಿಯ ಹೆಸರಿಗೆ ಬರೆಯುವಾಗ 'ಜೀವಮಾನಪರ್ಯಂತ ಅನುಭವಿಸತಕ್ಕದ್ದು' ಎಂದು ರೂಢಿಯಂತೆ ಬರೆಯಿಸುವ ಮೊದಲು, ಕೈಯಲ್ಲಿ ಮಾರುವ ಹಕ್ಕಿಲ್ಲದ ವೃದ್ಧೆಯು ಆಸ್ಪತ್ರೆಯ ಬಿಲ್ಲಿಗೆ ಯಾರ ಮುಖ ನೋಡಬೇಕೆಂದು ಒಮ್ಮೆ ಯೋಚಿಸಬೇಕು. ಜೈನ ಗ್ರಂಥಗಳು ಅವಳಿಗೆ ಕೊಟ್ಟದ್ದು ಪೂರ್ಣ ಹಕ್ಕನ್ನು.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳ ವಿಷಯ. ಮೂರರಲ್ಲಿ ಒಂದು ಪಾಲು ಧರ್ಮಕ್ಕೆ ಎಂಬ ಮಾತನ್ನು ಟ್ರಸ್ಟುಗಳು ಸಹಜವಾಗಿಯೇ ನೆನಪಿಟ್ಟುಕೊಳ್ಳುತ್ತವೆ. ಉಳಿದ ಎರಡು ಪಾಲುಗಳು ಎಲ್ಲಿಗೆ ಹೋದವೆಂದು ಕೇಳುವುದೂ ಅವರ ಕರ್ತವ್ಯ. ಮಕ್ಕಳಿಲ್ಲದ ಅಜ್ಜಿಯೊಬ್ಬರು ಮನೆಯನ್ನೇ ಬಸದಿಗೆ ಬರೆದುಕೊಡಲು ಬಂದಾಗ, ಬದುಕಿರುವವರೆಗೆ ಅಲ್ಲಿಯೇ ಇರುವ ಹಕ್ಕನ್ನು ಪತ್ರದಲ್ಲಿ ಸೇರಿಸಿ, ಔಷಧ ಹಾಗೂ ಊಟದ ವೆಚ್ಚವನ್ನು ಯಾರು ಭರಿಸಬೇಕೆಂದು ಠರಾವಿನಲ್ಲಿ ದಾಖಲಿಸದೆ ಯಾವ ಟ್ರಸ್ಟೂ ಅದನ್ನು ಸ್ವೀಕರಿಸಬಾರದು. ಅಷ್ಟಮಿ ಚತುರ್ದಶಿಗಳಂದು ಬಸದಿಗೆ ಬರಲಾಗದ ಹಿರಿಯರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಆ ದಿನಗಳಲ್ಲಿ ಇಬ್ಬಿಬ್ಬರಂತೆ ಅವರ ಮನೆಗಳಿಗೆ ಹೋಗಿ ಬರುವ ಏರ್ಪಾಡಿಗೆ ದೊಡ್ಡ ನಿಧಿಯೇನೂ ಬೇಕಾಗಿಲ್ಲ. ಹೋದವರು ಗುಳಿಗೆ ಮುಗಿದಿದೆಯೇ, ಪಿಂಚಣಿ ಕೈಗೆ ಸೇರಿದೆಯೇ, ಮೃತ್ಯುಪತ್ರದ ಪ್ರತಿ ಎಲ್ಲಿದೆ ಎಂದು ವಿಚಾರಿಸಿ, ಅದೇ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಬಹುದು.